ಎಂಟು ಗಂಟೆಯ ಗುಲಾಬಿ: ಗಡಿನಾಡಿನ ಒಂದು ತಾರಸಿ ಮನೆ, ಒಬ್ಬ ಕಲಾವಿದೆ, ಮೂರು ಮಳೆಗಾಲ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಹಳ್ಳಿಯಲ್ಲಿ, ಒಂದು ತಾರಸಿ ಮನೆಯ ಬಣ್ಣವನ್ನು ಫೋಟೋದಲ್ಲೂ ಶಿಲ್ಪದಲ್ಲೂ ಹಿಡಿಯಲು ನಡೆದ ಕೆಲಸ ಇದು. ಕಲಾವಿದೆಯ ಹೆಸರು, ಊರಿನ ಹೆಸರು, ಮನೆಯವರ ಹೆಸರು ಬರೆಯುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಕಲಾವಿದೆಯನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ. ನನ್ನದು ಫೋಟೋ ಪ್ರಿಂಟ್ ಹಾಕಿ ಕೊಡುವ ಸಣ್ಣ ಸ್ಟುಡಿಯೋ. ಅಕ್ಕನ ಚಿತ್ರಗಳೆಲ್ಲ ಪ್ರಿಂಟ್ ಆದದ್ದು ನನ್ನಲ್ಲೇ. ಆದ ತಪ್ಪುಗಳಲ್ಲಿ ನನ್ನ ಪಾಲೂ ಇದೆ. ಕಟ್ಟಡಗಳ ಚಿತ್ರ ತೆಗೆಯುವ, ಬಣ್ಣದ ಜೊತೆ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಆಗಾಗ ಬಂದು ವಿಚಾರಿಸುತ್ತಾರೆ. ಅವರಿಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಹಿನ್ನೆಲೆ

ಅಕ್ಕ ಹೊರರಾಜ್ಯದಲ್ಲಿ ಶಿಲ್ಪಕಲೆ ಕಲಿತವರು. ಕಲಿಯುವಾಗ ಒಮ್ಮೆ ಚಂಡೀಗಢಕ್ಕೆ ಹೋಗಿದ್ದರು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಟ್ಟಿದ ಹೈಕೋರ್ಟ್ ಅಲ್ಲಿದೆ, 1955ರದ್ದು. ಸಾರಣೆಯೇ ಇಲ್ಲದ ಬೂದು ಕಾಂಕ್ರೀಟಿನ ಕಟ್ಟಡ. ಆದರೆ ಒಳಗೆ ಹೋಗುವಲ್ಲಿ ನಿಂತ ಮೂರು ಎತ್ತರದ ಕಂಬಗಳಿಗೆ ಹಸಿರು, ಹಳದಿ, ಕೆಂಪು ಬಳಿದಿದ್ದಾರೆ. ಆ ಬೂದು ಬಣ್ಣದ ಪಕ್ಕದಲ್ಲಿ ಆ ಬಣ್ಣಗಳನ್ನು ನೋಡಿದ್ದು ಅಕ್ಕನ ತಲೆಯಿಂದ ಹೋಗಲೇ ಇಲ್ಲ. ಅಲ್ಲಿಂದ ಮುಂದೆ ಅವರು ಕಟ್ಟಡಗಳ ಫೋಟೋ ತೆಗೆಯುವುದೂ ಶಿಲ್ಪ ಮಾಡುವುದೂ ಒಟ್ಟೊಟ್ಟಿಗೇ ನಡೆಯಿತು.

ತಾಯಿಯನ್ನು ನೋಡಿಕೊಳ್ಳಲು ಊರಿಗೆ ಮರಳಿದರು. ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ ಅಂತ ಬಸ್ಸಿನಲ್ಲಿ ಬರುವಾಗ ದಾರಿ ಬದಿಯಲ್ಲೂ, ಒಳದಾರಿಗಳಲ್ಲಿ ಇನ್ನೂ ಜಾಸ್ತಿ, ಹಳೆಯ ತಾರಸಿ ಮನೆಗಳು ಕಾಣುತ್ತವೆ. 1970, 80ರ ದಶಕಗಳಲ್ಲಿ ಕೊಲ್ಲಿ ದೇಶಗಳ ದುಡ್ಡು ಬರತೊಡಗಿದಾಗ ಎದ್ದ ಮನೆಗಳು. ಹಂಚಿನ ಮಾಡಿನ ಜಾಗಕ್ಕೆ ಚಪ್ಪಟೆ ತಾರಸಿ. ಗೋಡೆಯುದ್ದಕ್ಕೂ ಚಾಚಿದ ಸನ್‌ಶೇಡ್, ಮೆಟ್ಟಿಲ ಬಳಿ ಸಿಮೆಂಟ್ ಜಾಲಿ, ಎದುರಿಗೆ ಬಿಸಿಲು ತಡೆಯಲು ನೆಟ್ಟಗೆ ನಿಲ್ಲಿಸಿದ ಸಿಮೆಂಟ್ ಪಟ್ಟಿಗಳು. ಬಣ್ಣ ಪಿಸ್ತಾ ಹಸಿರು, ತಿಳಿನೀಲಿ, ಗುಲಾಬಿ.

ಇವನ್ನು ಕಟ್ಟಿದ ಮೇಸ್ತ್ರಿಗಳಿಗೆ ಕಾರ್ಬೂಸಿಯೆಯ ಹೆಸರು ಗೊತ್ತಿರಬೇಕು ಅಂತೇನಿಲ್ಲ. ನಕ್ಷೆ ಬರೆಯುವವರು, ಕಂಟ್ರಾಕ್ಟರುಗಳು, ಮುಂಬಯಿ ದುಬೈಗಳಲ್ಲಿ ಕಟ್ಟಡ ಕೆಲಸ ಮಾಡಿ ಬಂದವರು, ಹೀಗೆ ಕೈಯಿಂದ ಕೈಗೆ ದಾಟಿ ಆ ರೂಪಗಳು ಇಲ್ಲಿಗೆ ಬಂದಿರಬೇಕು. ಇದೆಲ್ಲ ಬರೀ ನಕಲು ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುರಕಲ್ಲಿನ ಗೋಡೆ, ಅದರ ಮೇಲೆ ಕಾಂಕ್ರೀಟಿನ ತಾರಸಿ, ಒಳಗೆ ಕಾವಿ ಹಾಕಿದ ನೆಲ. ಇಂಥ ಮನೆಯನ್ನು ಚಂಡೀಗಢದಲ್ಲಿ ಹುಡುಕಿದರೆ ಸಿಗುತ್ತದೆಯೇ?

ಅಕ್ಕ ಇಂಥದ್ದೊಂದು ಮನೆ ಆರಿಸಿಕೊಂಡರು. ಗುಲಾಬಿ ಬಣ್ಣದ್ದು, ಪಡುವಣಕ್ಕೆ ಮುಖ, ಎದುರು ಕೆಂಪು ಮಣ್ಣಿನ ದೊಡ್ಡ ಅಂಗಳ. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ಗಂಡನನ್ನು ಊರವರು ಹಾಜಿಯವರು ಅನ್ನುತ್ತಾರೆ. ಹೆಂಡತಿಯನ್ನು ಅಕ್ಕ ಉಮ್ಮ ಅಂತ ಕರೆಯುತ್ತಿದ್ದರು. ಇಪ್ಪತ್ತು ಫೋಟೋ, ಐದು ಶಿಲ್ಪ, ಒಂದು ವರ್ಷ ಅಂತ ಲೆಕ್ಕ ಹಾಕಿದ್ದೆವು.

“ಇದು ಯಾರ ಮನೆ?”

ಮೊದಲ ಚಿತ್ರಗಳನ್ನು ಅಕ್ಕ ತೆಗೆದದ್ದು ಸಂಜೆ ಐದರ ಮೇಲೆ. ಕಾರ್ಬೂಸಿಯೆಯ ಕಟ್ಟಡಗಳನ್ನು 1949ರಿಂದ ಫೋಟೋ ತೆಗೆದ ಲೂಸಿಯೆನ್ ಎರ್ವೆ ಅಂದರೆ ಅವರಿಗೆ ಬಹಳ ಇಷ್ಟ. ಎರ್ವೆ ಕಟ್ಟಡವನ್ನು ಪೂರ್ತಿ ತೋರಿಸುವುದಕ್ಕಿಂತ ಒಂದು ಮೂಲೆ, ಒಂದು ಕಪ್ಪು ನೆರಳು, ಒಂದು ಓರೆ ಗೆರೆ ಹಿಡಿಯುತ್ತಿದ್ದವರು. ತೆಗೆದ ಚಿತ್ರವನ್ನು ಕತ್ತರಿ ಹಿಡಿದು ಕತ್ತರಿಸಿಬಿಡುತ್ತಿದ್ದರು. ಅಕ್ಕನೂ ಹಾಗೇ ಮಾಡಿದರು. ಬಟ್ಟೆ ಒಣಗಿಸುವ ಹಗ್ಗ ಚೌಕಟ್ಟಿನಾಚೆ ಹೋಯಿತು. ನೀರಿನ ಟ್ಯಾಂಕಿ ಹೋಯಿತು. ತಾರಸಿ ಸೋರುತ್ತದೆ ಅಂತ ಹತ್ತಾರು ವರ್ಷದ ಹಿಂದೆ ಮೇಲೆ ಹಾಕಿಸಿದ್ದ ನೀಲಿ ಶೀಟಿನ ಮಾಡೂ ಹೋಯಿತು. ನಾನು ಪ್ರಿಂಟ್ ಹಾಕುವಾಗ ಬಣ್ಣವನ್ನು ಇನ್ನಷ್ಟು ಏರಿಸಿದೆ, ಹೊಳಪಿನ ಕಾಗದ ಬಳಸಿದೆ. ಚಂದ ಕಾಣುತ್ತಿದ್ದವು, ಸುಳ್ಳು ಹೇಳುವುದಿಲ್ಲ. ದೂರದ ನಗರದ ಒಂದು ಗ್ಯಾಲರಿಯವರು ನೋಡಿ, ಇಂಥವೇ ಹನ್ನೆರಡು ಬೇರೆ ಬೇರೆ ಮನೆಗಳದ್ದು ಮಾಡಿಕೊಡಿ, ಪ್ರದರ್ಶನ ಇಡೋಣ ಅಂದರು.

ಒಪ್ಪಿಕೊಳ್ಳುವ ಮೊದಲು ಮನೆಯವರಿಗೆ ತೋರಿಸಿ ಬರೋಣ ಅಂತ ಅಕ್ಕ ಹಟ ಹಿಡಿದರು. ಈ ಪ್ರಕರಣ ತಿರುಗಿದ್ದೇ ಅಲ್ಲಿ.

ಉಮ್ಮ ಆರು ಪ್ರಿಂಟ್‌ಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಕೇಳಿದರು, “ಇದು ಯಾರ ಮನೆ?” ಮಾತು ನಡೆದದ್ದು ಮಲಯಾಳದಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿಮ್ಮದೇ ಅಂದಾಗ ತಲೆಯಾಡಿಸಿದರು. “ನಮ್ಮ ಮನೆ ಕಿತ್ತಳೆ ಅಲ್ಲ ಮೋಳೇ (ಮಗಳೇ). ರೋಸ್.”

ಎದ್ದು ಒಳಗೆ ಹೋಗಿ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಹಳೆಯ ಪಾಸ್‌ಪೋರ್ಟ್, ರೇಷನ್ ಕಾರ್ಡ್, ಅವುಗಳ ನಡುವೆ ಮಡಿಸಿಟ್ಟ ಒಂದು ಸೋಪಿನ ಕವರು. ಮಡಿಕೆ ಬಿದ್ದಲ್ಲಿ ಬಣ್ಣ ಹಾರಿ ಬಿಳಿ ಗೆರೆ ಎದ್ದಿತ್ತು. ಬಿಡಿಸಿದಾಗ ಒಳಮಡಿಕೆಯಲ್ಲಿ ಎರಡು ಬೆರಳಿನಷ್ಟು ಜಾಗದಲ್ಲಿ ಮಾತ್ರ ಗುಲಾಬಿ ಹೊಸದಾಗಿಯೇ ಇತ್ತು. ಹಾಜಿಯವರು ಮೊದಲ ಸಲ ದುಬೈಯಿಂದ ಬಂದಾಗ ತಂದ ಸೋಪಿನದ್ದು. ಮನೆಗೆ ಬಣ್ಣ ಹೊಡೆಯುವಾಗ ಉಮ್ಮ ಈ ಕವರನ್ನೇ ಪೇಂಟರ್ ಕೈಗೆ ಕೊಟ್ಟು, ಇದೇ ಬೇಕು ಅಂದಿದ್ದರಂತೆ. ಆಮೇಲೆ ಎಷ್ಟು ಸಲ ಬಣ್ಣ ಹೊಡೆಸಿದರೂ ಇದನ್ನೇ ತೋರಿಸಿದ್ದಾರೆ.

ಅದೇ ಹೊತ್ತಿಗೆ ಶಿಲ್ಪದ ಕಡೆಯೂ ಕೆಲಸ ಸಿಕ್ಕಿಹಾಕಿಕೊಂಡಿತ್ತು. ಅಕ್ಕ ಪ್ಲೈವುಡ್ಡಿನಲ್ಲಿ ಸನ್‌ಶೇಡ್, ಜಾಲಿ, ಪಟ್ಟಿಗಳನ್ನು ಬಿಡಿಸಿ ಜೋಡಿಸಿ ಐದು ತುಂಡು ಮಾಡಿದ್ದರು, ಎನಾಮಲ್ ಬಣ್ಣ ಹಚ್ಚಿ. ನೋಡಿದವರೆಲ್ಲ ಕೇಳಿದ್ದು ಒಂದೇ: ಇದು ಯಾವ ಮನೆಯ ಮಾಡೆಲ್? ಅವರ ಹಳೆಯ ಮೇಷ್ಟ್ರು ಫೋನಿನಲ್ಲಿ ಚಿತ್ರ ನೋಡಿ, “ಮನೆ ಸಣ್ಣದಾಗಿದೆ, ಅಷ್ಟೇ ಅಲ್ವಾ?” ಅಂದರು. ಆ ಮಾತು ಅಕ್ಕನಿಗೆ ಬಹಳ ದಿನ ನಾಟಿಕೊಂಡಿತ್ತು.

ಬಣ್ಣ ಹಿಡಿಯಲು ಮಾಡಿದ್ದು

ಗುಲಾಬಿ ಕಿತ್ತಳೆ ಆದದ್ದು ಯಾಕೆ ಅಂತ ಮೊದಲು ನೋಡಿದೆವು. ಮನೆ ಪಡುವಣಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲೇ ಹಳದಿ. ಅದರ ಮೇಲೆ ಆ ಬಿಸಿಲು ಕೆಂಪು ಅಂಗಳಕ್ಕೆ ಬಿದ್ದು ಪುಟಿದು, ಸನ್‌ಶೇಡಿನ ಅಡಿಗೆ, ಗೋಡೆಯ ನೆರಳು ಜಾಗಕ್ಕೆ ಕೆಂಪು ಬಳಿಯುತ್ತದೆ. ನಮ್ಮ ಕಣ್ಣು ಇದನ್ನು ಅಷ್ಟಿಷ್ಟು ಸರಿಮಾಡಿಕೊಳ್ಳುತ್ತದೆ. ಕ್ಯಾಮೆರಾ ಕಣ್ಣಿನ ಹಾಗೆ ಮಾಡುವುದಿಲ್ಲ. ಮೇಲಿಂದ ನಾನು ಬಣ್ಣ ಏರಿಸಿದ್ದೆ.

ಎರಡನೇ ಸುತ್ತಿನಲ್ಲಿ ಗ್ರೇ ಕಾರ್ಡ್ ತಂದೆವು. ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಮಾತ್ರ ವಾಪಸು ಕೊಡುವ ಬೂದು ರಟ್ಟು ಅದು. ಗೋಡೆಯ ಪಕ್ಕ ಹಿಡಿದು ಒಂದು ಚಿತ್ರ ತೆಗೆದರೆ, ಅದನ್ನು ಅಳತೆಯಾಗಿ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಬೆಳಕಿನ ಬಣ್ಣ ತೆಗೆದುಹಾಕಬಹುದು. ಜೊತೆಗೆ, ಉಮ್ಮನ ಮನೆಗೆ ಹಿಂದೆ ಬಣ್ಣ ಹೊಡೆದಿದ್ದ ಪೇಂಟರ್ ಅಣ್ಣನನ್ನು ಹುಡುಕಿ ಕರೆತಂದೆವು. ಅವರು ಜಾಲಿಯ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ, ಬ್ಲೇಡಿನಿಂದ ಗೋಡೆ ಕೆರೆದರು. ಎಂಟಾಣೆ ನಾಣ್ಯದಷ್ಟಗಲ. ಸುತ್ತು ಸುತ್ತಾಗಿ ಪದರಗಳು ಕಂಡವು. ಹೊರಗೆ ಈಗಿನ ಎಮಲ್ಶನ್, ಅದರಡಿ ಸ್ವಲ್ಪ ಗಾಢವಾದ ಡಿಸ್ಟೆಂಪರ್, ಅದರಡಿ ಒರಟಾದ ಸಿಮೆಂಟ್ ಪೇಂಟ್, ಎಲ್ಲಕ್ಕೂ ಒಳಗೆ ನೀಲಿ ಹಾಕಿದ ಸುಣ್ಣ. ಬಿಳಿ ಬಣ್ಣಕ್ಕೆ ಕೆಂಪು ಸ್ಟೈನರ್ ಎಷ್ಟು, ನೀಲಿ ಎಷ್ಟು ಅಂತ ಅಣ್ಣನಿಗೆ ಇನ್ನೂ ನೆನಪಿತ್ತು. ರಟ್ಟಿನ ಮೇಲೆ ಬಳಿದು ತೋರಿಸಿದರು. ನನ್ನ ಎರಡನೇ ಪ್ರಿಂಟ್ ಆ ರಟ್ಟಿಗೆ ಸರಿಯಾಗಿ ಕೂತಿತು. ಗೆದ್ದೆವು ಅಂದುಕೊಂಡು ಹೋದೆವು.

ಉಮ್ಮ ನೋಡಿ, “ಇದು ಡಬ್ಬಿಯ ಬಣ್ಣ. ಗೋಡೆಯ ಬಣ್ಣ ಅಲ್ಲ” ಅಂದರು.

ನನಗೆ ಬೇಸರ ಬಂತು. ಇನ್ನೇನು ಬೇಕು ಅನ್ನಿಸಿತು. ಅಕ್ಕ ಮಾತ್ರ ಸುಮ್ನೆ ಕೂತು ಕೇಳಿದರು, “ನಿಮಗೆ ಗೋಡೆಯ ಬಣ್ಣ ಸರಿಯಾಗಿ ಕಾಣುವುದು ಯಾವಾಗ ಉಮ್ಮಾ?” ಉತ್ತರ ತಟ್ಟನೆ ಬಂತು. ಬೆಳಿಗ್ಗೆ ಎಂಟು ಗಂಟೆಗೆ. ತಿಂಡಿಯ ಕೆಲಸ ಮುಗಿಸಿ, ಕೋಳಿಗಳಿಗೆ ಅಕ್ಕಿ ಹಾಕಲು ಅಂಗಳಕ್ಕೆ ಬಂದು ತಿರುಗಿ ನೋಡುತ್ತಾರಲ್ಲ, ಆಗ.

ಎಂಟು ಗಂಟೆಗೆ ಸೂರ್ಯ ಮನೆಯ ಹಿಂದೆ ಇರುತ್ತಾನೆ. ಮನೆಯ ನೆರಳು ಅಂಗಳದ ಮೇಲೆ ಮಲಗಿರುತ್ತದೆ, ಕೆಂಪು ಪುಟಿಯುವುದಿಲ್ಲ. ಗೋಡೆಗೆ ಸಿಗುವುದು ಆಕಾಶದ ಬೆಳಕು ಮಾತ್ರ, ತಣ್ಣಗಿನದು, ಒಂಚೂರು ನೀಲಿ ಬೆರೆತದ್ದು. ಆ ಬೆಳಕಿನಲ್ಲಿ ಗುಲಾಬಿ ನಿಜವಾಗಿಯೂ ರೋಸ್ ಆಗುತ್ತದೆ. ನಾನು ಮೊದಲ ಸಲ ಅಂಗಳದಲ್ಲಿ ಆ ಹೊತ್ತಿಗೆ ನಿಂತು ನೋಡಿದಾಗ ಮೈ ಜುಮ್ಮೆಂದಿತು. ಸೋಪಿನ ಕವರಿನ ಒಳಮಡಿಕೆಯ ಬಣ್ಣವೇ ಅದು.

ಆಮೇಲಿನ ಕೆಲಸ ನಿಧಾನದ್ದು. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅನ್ನು ಬಿಸಿಲಿನ ಮಟ್ಟದಲ್ಲೇ ಕಟ್ಟಿಹಾಕಿ ಚಿತ್ರ ತೆಗೆದರೆ ನೀಲಿ ಜಾಸ್ತಿಯಾಯಿತು. ಗ್ರೇ ಕಾರ್ಡ್ ಪ್ರಕಾರ ಆ ನೀಲಿಯನ್ನು ಪೂರ್ತಿ ತೆಗೆದುಹಾಕಿದರೆ ಮತ್ತೆ ಡಬ್ಬಿಯ ಬಣ್ಣ. ಸುಮಾರು ಅರ್ಧದಷ್ಟು ಮಾತ್ರ ಸರಿಪಡಿಸಿದಾಗ ಉಮ್ಮ ಒಪ್ಪಿದರು. ಹೊಳಪಿನ ಕಾಗದ ಬಿಟ್ಟು ಮ್ಯಾಟ್ ಕಾಗದಕ್ಕೆ ಬಂದೆವು. ಪ್ರಿಂಟನ್ನು ಸ್ಟುಡಿಯೋದ ಟ್ಯೂಬ್‌ಲೈಟಿನಡಿ ನೋಡಿ ತೀರ್ಮಾನಿಸುವುದನ್ನೂ ಬಿಟ್ಟೆವು. ಪ್ರತಿಯೊಂದನ್ನೂ ಆ ಮನೆಯ ಜಗಲಿಗೆ ಒಯ್ದು ನೋಡಿದ್ದೇವೆ. ನೀಲಿ ಶೀಟು, ಬಟ್ಟೆಯ ಹಗ್ಗ ಎಲ್ಲ ಚೌಕಟ್ಟಿನೊಳಗೆ ವಾಪಸು ಬಂದವು. ಶೀಟು ಕೂಡ ತಾರಸಿಯ ಮೇಲೆ ತನ್ನ ಬಣ್ಣ ಚೆಲ್ಲುತ್ತದೆ, ಅದನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿತ್ತು.

ಈ ವಿಷಯದಲ್ಲಿ ದೊಡ್ಡವರ ಕೆಲಸವೂ ಅಕ್ಕನಿಗೆ ನೆರವಾಯಿತು. ಕಾರ್ಬೂಸಿಯೆ ಒಂದು ವಾಲ್‌ಪೇಪರ್ ಕಂಪನಿಗಾಗಿ 1931ರಲ್ಲಿ 43, 1959ರಲ್ಲಿ ಇನ್ನೂ 20 ಬಣ್ಣಗಳನ್ನು ಆರಿಸಿಕೊಟ್ಟಿದ್ದರು. 1931ರ ಬಣ್ಣದ ಹಾಳೆಗಳ ಜೊತೆ ಕಿಂಡಿ ಕೊರೆದ ರಟ್ಟುಗಳಿದ್ದವು. ಅವನ್ನು ಮೇಲಿಟ್ಟರೆ ಉಳಿದದ್ದು ಮುಚ್ಚಿ, ಕೆಲವೇ ಬಣ್ಣಗಳು ಮಾತ್ರ ಒಟ್ಟಿಗೆ ಕಾಣುತ್ತವೆ. ಅಕ್ಕ ಅಂಥದೇ ಕಿಂಡಿ ರಟ್ಟು ಮಾಡಿಕೊಂಡು ಗೋಡೆಯ ಎದುರು ಗಂಟೆಗೊಮ್ಮೆ ಹಿಡಿಯುತ್ತಿದ್ದರು. ಪಕ್ಕದ ಬಣ್ಣ ಬದಲಾದರೆ ಅದೇ ಬಣ್ಣ ಬೇರೆಯಾಗಿ ಕಾಣುತ್ತದೆ ಅಂತ ಕಲಾವಿದ ಜೋಸೆಫ್ ಆಲ್ಬರ್ಸ್ ತಮ್ಮ ವಿದ್ಯಾರ್ಥಿಗಳಿಗೆ ಬಣ್ಣದ ಕಾಗದ ಕತ್ತರಿಸಿ ತೋರಿಸಿಕೊಟ್ಟದ್ದೂ ಅವರಿಗೆ ಗೊತ್ತಿತ್ತು. ಓದಿ ತಿಳಿದಿದ್ದ ಸಂಗತಿ ಅಂಗಳದಲ್ಲಿ ಕೈಗೆ ಸಿಕ್ಕಿತು ಅಂತ ಅಕ್ಕ ಹೇಳುತ್ತಾರೆ.

ಶಿಲ್ಪ: ಎರಡು ಸೋಲು, ಆಮೇಲೆ

ಪ್ಲೈವುಡ್ ಬಿಟ್ಟು ಸಿಮೆಂಟಿಗೆ ಬರುವುದು ಅಂತ ಅಕ್ಕ ತೀರ್ಮಾನಿಸಿದರು. ಕಾಂಕ್ರೀಟಿನ ಶಿಲ್ಪ ನಮ್ಮ ಜಿಲ್ಲೆಗೆ ಹೊಸ ಮಾತಲ್ಲ. ಮಲಂಪುಳ ಅಣೆಕಟ್ಟಿನ ಉದ್ಯಾನದಲ್ಲಿ 1969ರಲ್ಲಿ ಯಕ್ಷಿಯನ್ನು ನಿಲ್ಲಿಸಿದ ಕಾನಾಯಿ ಕುಂಞಿರಾಮನ್ ಇದೇ ಜಿಲ್ಲೆಯವರು. ಬಾವಿಯ ರಿಂಗ್, ಬೇಲಿಯ ಕಂಬ ಎರಕ ಹೊಯ್ಯುವ ಒಂದು ಅಂಗಳ ಹತ್ತಿರದಲ್ಲೇ ಇತ್ತು. ಅಲ್ಲಿಯ ಹಿರಿಯ ಕೆಲಸಗಾರರೊಬ್ಬರ ಬಳಿ ಹಳೆಯ ಜಾಲಿಯ ಕಬ್ಬಿಣದ ಅಚ್ಚುಗಳು ತುಕ್ಕು ಹಿಡಿದು ಬಿದ್ದಿದ್ದವು. ಅಕ್ಕ ಅವರಲ್ಲಿ ಕೆಲಸ ಕಲಿತರು.

ಮೊದಲ ಸಲ ಬಿಳಿ ಸಿಮೆಂಟಿಗೇ ಬಣ್ಣದ ಪುಡಿ ಬೆರೆಸಿ ಎರಕ ಹೊಯ್ದರು. ಕೆಂಪು, ಹಳದಿ, ನೀಲಿ ಮೂರು ಹಲಗೆ. ಕೆಲವು ವಾರ ಕಳೆಯುವಷ್ಟರಲ್ಲಿ ನೀಲಿ ಹಲಗೆ ಅಲ್ಲಲ್ಲಿ ಕಂದು ತಿರುಗಿತು. ನೀರು ಕಡಿಮೆಯಾಯಿತೋ, ಸಿಮೆಂಟ್ ಹಳತೋ ಅಂತ ತಲೆ ಕೆಡಿಸಿಕೊಂಡೆವು. ಕಾರಣ ಪುಡಿಯಲ್ಲಿತ್ತು. ಅಂಗಡಿಯಿಂದ ಬಿಡಿಯಾಗಿ ತಂದ ಆ ನೀಲಿ ಪ್ರಶ್ಯನ್ ಬ್ಲೂ. ಹಸಿ ಸಿಮೆಂಟಿನಲ್ಲಿ ಸುಣ್ಣದ ಕ್ಷಾರ ಬಹಳ. ಆ ಕ್ಷಾರಕ್ಕೆ ಪ್ರಶ್ಯನ್ ಬ್ಲೂ ಒಡೆದು, ಒಳಗಿನ ಕಬ್ಬಿಣ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಂಪು, ಹಳದಿ ಎರಡೂ ಕಬ್ಬಿಣದ ಆಕ್ಸೈಡುಗಳು, ಅವಕ್ಕೆ ಸುಣ್ಣದ ಭಯ ಇಲ್ಲ. ನಮ್ಮ ಕಾವಿ ನೆಲ ಐವತ್ತು ವರ್ಷ ಕೆಂಪಾಗಿಯೇ ಇರುವುದೂ ಅದಕ್ಕೇ. ಮುರಕಲ್ಲು ಕೆಂಪಾಗಿರುವುದೂ ಕಬ್ಬಿಣದಿಂದಲೇ.

ಎರಡನೇ ಸಲ ಹಲಗೆಗಳನ್ನು ಪೂರ್ತಿ ಬಿಳಿಯಾಗಿಯೇ ಬಿಟ್ಟು ಅಂಗಳದಲ್ಲಿ ನಿಲ್ಲಿಸಿದರು, ಆಮೇಲೆ ಬಣ್ಣ ಹಚ್ಚೋಣ ಅಂತ. ಮಳೆ ಹಿಡಿಯಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಆಗಸ್ಟ್ ಹೊತ್ತಿಗೆ ಎಲ್ಲ ಪಾಚಿ ಕಟ್ಟಿ ಕರಿಹಸಿರು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೆ ಹದಿನೈದು ದಿನ ಬಿಳಿ, ಮತ್ತೆ ಪಾಚಿ. ಎರಕದ ಅಂಗಳದ ಹಿರಿಯರು ಬಂದು ನೋಡಿ, “ಸನ್‌ಶೇಡಿನ ಅಡಿ ಕೈ ಹಾಕಿ ನೋಡಿದ್ದೀರಾ?” ಅಂತ ಕೇಳಿದರು. ನೂರಾರು ಸನ್‌ಶೇಡಿನ ಚಿತ್ರ ತೆಗೆದ ನಾವು ಕೈ ಹಾಕಿರಲಿಲ್ಲ. ಅಂಚಿನ ಅಡಿಯಲ್ಲಿ ಬೆರಳಗಲದ ಒಂದು ಕೊರಕಲು ಉದ್ದಕ್ಕೂ ಇದೆ. ಮಳೆನೀರು ಅಂಚು ದಾಟಿ ಒಳಗೆ ಹರಿಯದೆ ಆ ಕೊರಕಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗೋಡೆ ಒಣಗಿರುತ್ತದೆ. ಅಲ್ಲಿಂದ ಮುಂದೆ ಅಕ್ಕನ ಪ್ರತಿ ಶಿಲ್ಪದ ತಲೆ ಇಳಿಜಾರಾಗಿ, ಸ್ವಲ್ಪ ಮುಂದಕ್ಕೆ ಚಾಚಿ, ಅಡಿಯಲ್ಲಿ ಆ ಕೊರಕಲು ಹೊತ್ತುಕೊಂಡು ಬಂತು. ಅದು ಬಂದ ಮೇಲೆ ಶಿಲ್ಪಗಳ ನಿಲುವೇ ಬದಲಾಯಿತು. ಸಣ್ಣ ಮನೆಯ ಹಾಗೆ ಕಾಣುವುದು ನಿಂತು, ಬಿಸಿಲು ಮಳೆ ತಡೆಯುತ್ತ ನಿಂತ ಒಂದು ವಸ್ತುವಿನ ಹಾಗೆ ಕಂಡವು.

ಬಣ್ಣದ ಪ್ರಶ್ನೆ ಹಾಗೇ ಇತ್ತು. ಅದು ಬಗೆಹರಿದದ್ದು ಆಕಸ್ಮಿಕವಾಗಿ. ತೊಳೆದ ಒಂದು ಬಿಳಿ ಹಲಗೆಯನ್ನು ಒಣಗಲು ಜಗಲಿಯ ಬಳಿ ಇಟ್ಟಿದ್ದರು. ಒಂದು ಗೇಣು ದೂರದಲ್ಲಿ, ಹಾಳಾದ ಪ್ಲೈವುಡ್ ಶಿಲ್ಪದ ಗುಲಾಬಿ ತುಂಡು. ಮಳೆ ಬಿಟ್ಟು ಬಿಸಿಲು ಬಂದಾಗ ಬಿಳಿ ಹಲಗೆಯ ಮೇಲೆ ತೆಳು ಗುಲಾಬಿ ಹರಡಿತು. ಮೋಡ ಬಂತು, ಹೋಯಿತು. ಮತ್ತೆ ಬಿಸಿಲು, ಮತ್ತೆ ಗುಲಾಬಿ. ನನ್ನ ಪ್ರಿಂಟುಗಳನ್ನು ಕೆಡಿಸಿದ್ದ ಅಂಗಳದ ಕೆಂಪೂ ಹೀಗೇ ಪುಟಿದು ಬಂದದ್ದು. ಅಕ್ಕ ಅವತ್ತು ರಾತ್ರಿ ಫೋನ್ ಮಾಡಿ, “ಬಣ್ಣ ಹಚ್ಚುವುದು ಬೇಡ, ಬೀಳಿಸೋಣ” ಅಂದರು. ಮೆಕ್ಸಿಕೋದ ವಾಸ್ತುಶಿಲ್ಪಿ ಲೂಯಿಸ್ ಬರಗಾನ್ 1976ರ ಗಿಲಾರ್ಡಿ ಮನೆಯಲ್ಲಿ ಒಂದು ಉದ್ದ ಓಣಿಯನ್ನು ಸೀಳು ಕಿಟಕಿಗಳಿಂದ ಬರುವ ಹಳದಿ ಬೆಳಕಿನಿಂದಲೇ ತುಂಬಿಸಿದ್ದಾರೆ. ಅದರ ಚಿತ್ರ ಅಕ್ಕನ ಗೋಡೆಯ ಮೇಲೆ ವರ್ಷಗಟ್ಟಲೆ ಇತ್ತು.

ಕೊನೆಯ ಐದು ಶಿಲ್ಪಗಳು ಹೀಗೆ ಬಂದವು. ಸುಮಾರು ನಾಲ್ಕಡಿ ಎತ್ತರದ ಎರಡೆರಡು ಹಲಗೆ, ನಡುವೆ ಒಂದು ಗೇಣು ಅಂತರ. ಹೊರಮೈ ಬಿಳಿ. ಒಂದು ಹಲಗೆಯ ಒಳಮೈಗೆ ಮಾತ್ರ ಬಣ್ಣ, ನಿಂತು ನೋಡಿದರೆ ಅದು ಕಾಣುವುದಿಲ್ಲ. ಎದುರು ಹಲಗೆಯ ಮೇಲೆ ಬಿದ್ದದ್ದು ಮಾತ್ರ ಕಾಣುತ್ತದೆ. ಏಳು ದಿನ ನೀರು ಕುಡಿಸಿ, ಒಂದು ತಿಂಗಳು ಒಣಗಲು ಬಿಟ್ಟು, ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ನೀಲಿ ಬೇಕಾದಲ್ಲಿ ಸಿಮೆಂಟಿಗೆ ಹಚ್ಚದೆ, ಪೇಂಟ್ ಮಾಡಿದ ತಗಡು ಸಿಕ್ಕಿಸಿದರು.

ಆಮೇಲೆ ಆದದ್ದು

ಗ್ಯಾಲರಿಯವರಿಗೆ ಹೊಸ ಚಿತ್ರಗಳು ಹಿಡಿಸಲಿಲ್ಲ. ಮೊದಲಿನ ಮೆರುಗು ಇಲ್ಲ ಅಂದರು. ಅಕ್ಕ ಆ ಪ್ರದರ್ಶನ ಬಿಟ್ಟುಕೊಟ್ಟರು. ಕೈಗೆ ಬರಬೇಕಾಗಿದ್ದ ದುಡ್ಡು ಹೋಯಿತು, ಎರಕದ ಸಾಲ ತೀರಿಸಲು ಒಂದು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಪಾಠ ಮಾಡಿದರು. ಅದು ಸಣ್ಣ ತ್ಯಾಗ ಅಂತ ನಾನು ಹೇಳಲಾರೆ. ಆದರೂ ಅದೇ ಸರಿ ಅಂತ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಪ್ರದರ್ಶನ ನಡೆದದ್ದು ಅದೇ ಮನೆಯ ಅಂಗಳದಲ್ಲಿ, ಡಿಸೆಂಬರಿನ ಎರಡು ದಿನ, ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ. ಹದಿನಾಲ್ಕು ಪ್ರಿಂಟ್, ಐದು ಶಿಲ್ಪ. ಊರವರು ಬಂದರು, ಮಂಗಳೂರಿನಿಂದಲೂ ಕೆಲವರು ಬಂದರು. ಒಂದು ಶಿಲ್ಪ ಬಿಸಿಲಿಗೆ ತಪ್ಪು ಕೋನದಲ್ಲಿ ನಿಂತು ಎರಡೂ ದಿನ ಬರೀ ಬಿಳಿಯಾಗಿಯೇ ಇತ್ತು. ಎರಡು ಶಿಲ್ಪ ಮಾರಾಟವಾದವು.

ಅದಾಗಿ ಆರು ತಿಂಗಳಿಗೆ ಹಾಜಿಯವರ ಮಗ ಊರಿಗೆ ಬಂದು ಮನೆಗೆ ಬೂದು ಬಿಳಿ ಬಣ್ಣ ಹೊಡೆಸಿದರು. ಈಗ ಎಲ್ಲ ಕಡೆ ಅದೇ ಅಲ್ವಾ. ಯಾರನ್ನೂ ದೂರುವಂತಿಲ್ಲ, ಮನೆ ಅವರದ್ದು. ಆದರೆ ನಮಗೆಲ್ಲ ನೋವಾಯಿತು. ದೆಹಲಿಯ ಹಾಲ್ ಆಫ್ ನೇಷನ್ಸ್ 1972ರದ್ದು, ಹೆಸರುವಾಸಿ ಕಟ್ಟಡ. 2017ರಲ್ಲಿ ಅದನ್ನೂ ಕೆಡವಿಬಿಟ್ಟರು. ಅಂಥದ್ದೇ ಉಳಿಯದಿದ್ದಾಗ ಹಳ್ಳಿಯ ಮನೆಯ ಗುಲಾಬಿ ಬಣ್ಣವನ್ನು ಕಾಯುವವರು ಯಾರು? ಹೆದ್ದಾರಿ 66 ಆರು ಪಥವಾಗುವಾಗ ದಾರಿ ಬದಿಯಲ್ಲಿ ಎಷ್ಟೋ ಕಟ್ಟಡಗಳು ಹೋದವು. ಅವುಗಳ ಫೋಟೋ ಮನೆಯವರ ಮದುವೆ ಆಲ್ಬಮ್ಮುಗಳಲ್ಲಿ ಮಾತ್ರ ಸಿಗಬಹುದು.

ಇಂಥ ಕೆಲಸಕ್ಕೆ ಇಳಿಯುವವರಿಗೆ ಈ ಪ್ರಕರಣದಿಂದ ನಾನು ಕೊಡಬಹುದಾದದ್ದು ಇಷ್ಟು. ಚಿತ್ರದ ಜೊತೆ ಗಂಟೆ, ಮನೆಯ ದಿಕ್ಕು, ಅಂಗಳದ ಬಣ್ಣ ಬರೆದಿಟ್ಟುಕೊಳ್ಳಿ. ನಾವು ಮೊದಲ ವರ್ಷ ಬರೆದಿಡದೆ ನೂರಾರು ಚಿತ್ರ ಕೆಲಸಕ್ಕೆ ಬಾರದೇ ಹೋದವು. ಸಿಮೆಂಟಿಗೆ ಯಾವ ಬಣ್ಣ ಬೆರೆಸುವ ಮುನ್ನವೂ ಒಂದು ಬಟ್ಟಲಿನಷ್ಟು ಎರಕ ಹೊಯ್ದು ತಿಂಗಳು ಕಾಯಿರಿ. ಕಟ್ಟಡವನ್ನು ಕಟ್ಟಿದವರ, ಅದರಲ್ಲಿ ಬದುಕುವವರ ಎದುರು ಮೊದಲ ಪ್ರಿಂಟ್ ಇಡಿ. ಅವರು ತಪ್ಪು ಅಂದಾಗ ಯಾವ ಹೊತ್ತಿಗೆ ಸರಿ ಅಂತಲೂ ಕೇಳಿ. ಅಕ್ಕ ಆ ಪ್ರಶ್ನೆ ಕೇಳದೇ ಇದ್ದಿದ್ದರೆ ನಾನು ಎರಡನೇ ಪ್ರಿಂಟಿಗೇ ನಿಲ್ಲಿಸುತ್ತಿದ್ದೆ.

ಎಂಟು ಗಂಟೆಯ ಒಂದು ಪ್ರಿಂಟ್ ಈಗ ಉಮ್ಮನ ಅಡುಗೆಮನೆಗೆ ಹೋಗುವ ದಾರಿಯಲ್ಲಿ ತೂಗಿದೆ. ಶಾರ್ಜಾದಲ್ಲಿರುವ ಮಗಳಿಗೂ ಒಂದು ಬೇಕಂತೆ. ಅಕ್ಕ ಮುಂದಿನ ವಾರ ಬರುತ್ತಾರೆ. ಅಲ್ಲಿಯ ಫ್ಲ್ಯಾಟಿನಲ್ಲಿ ಅದನ್ನು ಯಾವ ಗೋಡೆಗೆ ಹಾಕುತ್ತಾರೆ, ಕಿಟಕಿ ಯಾವ ದಿಕ್ಕಿಗೆ, ರಾತ್ರಿ ಯಾವ ದೀಪ ಅಂತ ಮಗಳಿಗೆ ಫೋನ್ ಮಾಡಿ ಕೇಳಿಕೊಂಡು ಬರಲು ಹೇಳಿದ್ದೇನೆ.